ಅಮ್ಮನ ಪಿತ್ತ, ಚಿಕ್ಕಪ್ಪನ ಸೈನಸ್, ನನ್ನ ಮಾತ್ರೆ: ಪದೇ ಪದೇ ಬರುವ ತಲೆನೋವು ಯಾವುದು, ಅದಕ್ಕೆ ಮದ್ದು ಯಾವುದು?

ಕೆಲವು ವರ್ಷಗಳ ಹಿಂದಿನ ಅಡಿಕೆ ಕೊಯ್ಲು. ಹೊಸನಗರ ಸೀಮೆಯ ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿತ್ತು. ಹೊಗೆ ಜಗುಲಿವರೆಗೂ ಬಂದಿತ್ತು. ರಾತ್ರಿ ಹನ್ನೊಂದಾದರೂ ಸುಲಿಯುವವರು ಮೆಟ್ಟುಗತ್ತಿ ಬಿಟ್ಟು ಎದ್ದಿರಲಿಲ್ಲ. ಅವತ್ತು ಮನೆಯಲ್ಲಿ ನಾಲ್ಕು ಜನಕ್ಕೆ ತಲೆನೋವು. ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮಲಗಿದ್ದಳು. ಅಣ್ಣ ತಲೆಗೆ ಟವೆಲ್ ಬಿಗಿದುಕೊಂಡು ಕೆಲಸ ಮಾಡುತ್ತಲೇ ಇದ್ದ. ಚಿಕ್ಕಪ್ಪ ಬಲಗಣ್ಣು ಒತ್ತಿ ಹಿಡಿದುಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ನಾನು ಆ ದಿನದ ಮೂರನೇ ಮಾತ್ರೆ ನುಂಗಿದ್ದೆ.

ನಾಲ್ವರಿಗೂ ಮಾತ್ರೆ ಬಂದದ್ದು ಒಂದೇ ಶೀಟಿನಿಂದ. ಪೇಟೆಯ ಅಂಗಡಿಯಲ್ಲಿ ‘ತಲೆನೋವಿನ ಮಾತ್ರೆ ಕೊಡಿ’ ಎಂದರೆ ಕೊಡುತ್ತಾರಲ್ಲ, ಅದೇ.

ನಾಲ್ವರದ್ದೂ ನಾಲ್ಕು ಬೇರೆ ತಲೆನೋವು ಎಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು. ನಾನು ಡಾಕ್ಟರಲ್ಲ. ಓದಿ, ಕೇಳಿ, ಸ್ವಂತ ತಲೆಯ ಮೇಲೆ ಅನುಭವಿಸಿ ತಿಳಿದದ್ದನ್ನು ಹೇಳುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು ‘ಎಲ್ಲಿ ನೋವು?’ ಅಂತ. ಆ ಪ್ರಶ್ನೆಯಿಂದ ಅರ್ಧ ಮಾತ್ರ ಗೊತ್ತಾಗುತ್ತದೆ. ನೋವು ಬಂದಾಗ ಮನುಷ್ಯ ಏನು ಮಾಡುತ್ತಾನೆ ನೋಡಿ. ಮಲಗುತ್ತಾನೋ, ಕೆಲಸ ಮಾಡುತ್ತಾನೋ, ಓಡಾಡುತ್ತಾನೋ? ಆಮೇಲೆ ಗಡಿಯಾರ ನೋಡಿ, ಕ್ಯಾಲೆಂಡರ್ ನೋಡಿ. ಬಹುಪಾಲು ಉತ್ತರ ಅಲ್ಲೇ ಇರುತ್ತದೆ.

ಮಲಗುವವರದ್ದು: ಮೈಗ್ರೇನ್

ಅಮ್ಮ ಇದಕ್ಕೆ ಪಿತ್ತ ಎನ್ನುತ್ತಾಳೆ. ‘ಪಿತ್ತ ಕೆದರಿದೆ, ಮಾತಾಡಿಸಬೇಡಿ’ ಎಂದರೆ ಆ ದಿನ ಮುಗಿಯಿತು. ಬೆಳಗ್ಗೆಯಿಂದ ಆಕಳಿಕೆ, ಕುತ್ತಿಗೆ ಬಿಗಿತ. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆಯ ಕಣತಲೆ ಡಬಡಬ ಹೊಡೆದುಕೊಳ್ಳುತ್ತದೆ. ಒಗ್ಗರಣೆ ವಾಸನೆ ಬೇಡ, ಮಿಕ್ಸಿ ಸದ್ದು ಬೇಡ, ಕಿಟಕಿಯ ಬೆಳಕು ಬೇಡ. ಮೆಟ್ಟಿಲು ಹತ್ತಿದರೆ ನೋವು ಇನ್ನೂ ಜಾಸ್ತಿ. ಕೊನೆಗೆ ಹಳದಿ ನೀರು ವಾಂತಿಯಾಗುತ್ತದೆ. ಒಂದು ನಿದ್ದೆ ತೆಗೆದು ಎದ್ದರೆ ಹಗುರ.

ವಾಂತಿಯಾದ ಮೇಲೆ ನೋವು ಇಳಿಯುತ್ತದೆ, ಹಾಗಾಗಿ ಪಿತ್ತ ಹೊರಗೆ ಹೋಗಿದ್ದರಿಂದ ವಾಸಿಯಾಯಿತು ಎಂದು ಹಿರಿಯರು ಲೆಕ್ಕ ಹಾಕಿದರು. ಅವರು ಕಣ್ಣಾರೆ ನೋಡಿದ್ದು ಸರಿ, ಲೆಕ್ಕ ತಪ್ಪು. ಮೈಗ್ರೇನ್ ಹೊಟ್ಟೆಯಿಂದ ತಲೆಗೆ ಹತ್ತುವುದಲ್ಲ, ಮಿದುಳಿನಲ್ಲಿ ಶುರುವಾಗಿ ಹೊಟ್ಟೆಯನ್ನು ಕೆಡಿಸುವಂಥದ್ದು. ಆ ಹೊತ್ತಿನಲ್ಲಿ ಜಠರ ತನ್ನ ಕೆಲಸ ನಿಧಾನ ಮಾಡಿಬಿಡುತ್ತದೆ. ತಿಂದದ್ದು ಅಲ್ಲೇ ಕೂರುತ್ತದೆ, ನುಂಗಿದ ಮಾತ್ರೆಯೂ ಅಲ್ಲೇ ಕೂರುತ್ತದೆ. ಹಳದಿ ನೀರು ಬರುವುದು ವಾಂತಿಯಾಗಿ ಹೊಟ್ಟೆ ಖಾಲಿಯಾದ ಮೇಲೆ. ಜಠರ ನಿಧಾನವಾಗುತ್ತದೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮದ್ದಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ವೈದ್ಯರು ಹಾಕುವ ಅಳತೆ ಹೀಗೆ: ಮದ್ದು ಮಾಡದೆ ಬಿಟ್ಟರೆ 4 ಗಂಟೆಯಿಂದ 72 ಗಂಟೆವರೆಗೆ ಇರುತ್ತದೆ. ಒಂದೇ ಬದಿ, ಮಿಡಿಯುವ ನೋವು, ಕೆಲಸ ಮಾಡಲಾಗದಷ್ಟು ಜೋರು, ನಡೆದಾಡಿದರೆ ಹೆಚ್ಚಾಗುವುದು. ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ಹೊಟ್ಟೆ ತೊಳಸುವುದು ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸದಂತೆ ಆಗಬೇಕು. ಇಂಥ ನೋವು ಕನಿಷ್ಠ 5 ಸಲ ಬಂದಿರಬೇಕು. ‘ಅರೆತಲೆನೋವು’ ಎಂಬ ಹೆಸರು ನೋಡಿ ಮೋಸ ಹೋಗಬೇಡಿ. ಎರಡೂ ಕಡೆ ನೋಯುವ ಮೈಗ್ರೇನ್ ಬೇಕಾದಷ್ಟಿದೆ, ಮಕ್ಕಳಲ್ಲಿ ಹೆಚ್ಚಾಗಿ ಹಾಗೆಯೇ. ಮಕ್ಕಳಿಗೆ ಎರಡು ಗಂಟೆಯಲ್ಲೇ ಮುಗಿದುಹೋಗಲೂಬಹುದು. ಶಾಲೆ ತಪ್ಪಿಸಲು ನಾಟಕ ಎಂದು ಬೈಯುವ ಮುಂಚೆ, ಆ ಮಗು ಆಟವನ್ನೂ ಬಿಟ್ಟು ಮಲಗಿದೆಯಾ ನೋಡಿ.

ನನಗೆ ನೋವಿಗೆ ಮೊದಲು ಕಣ್ಣೆದುರು ಒಡೆದ ಬಳೆ ಚೂರಿನಂಥ ಹೊಳೆಯುವ ಗೆರೆಗಳು ಬರುತ್ತವೆ. ನಿಧಾನಕ್ಕೆ ಹರಡುತ್ತವೆ, ಅರ್ಧ ಗಂಟೆಯಲ್ಲಿ ಹೋಗುತ್ತವೆ. ಇದಕ್ಕೆ ಆರಾ ಎನ್ನುತ್ತಾರೆ. 5 ನಿಮಿಷದಿಂದ ಒಂದು ಗಂಟೆವರೆಗೆ ಇರಬಹುದು. ಎಲ್ಲರಿಗೂ ಬರುವುದಿಲ್ಲ. ಆದರೆ ಬರುವ ಹೆಂಗಸರು ಒಂದು ವಿಷಯ ತಿಳಿದಿರಲೇಬೇಕು. ಈಸ್ಟ್ರೋಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಅವರಿಗೆ ಸಲ್ಲದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಬೇರೆ ದಾರಿ ಕೊಡಿ ಎಂದು ಡಾಕ್ಟರನ್ನು ಕೇಳಿ.

ಇದು ಎಷ್ಟು ಜನಕ್ಕಿದೆ ಗೊತ್ತಾ? ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ 100 ವಯಸ್ಕರಲ್ಲಿ ಸುಮಾರು 25 ಜನಕ್ಕೆ ಮೈಗ್ರೇನ್ ಇತ್ತು. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ನಮ್ಮ ಕಡೆಯ ಲೆಕ್ಕ ಯಾರೂ ಹಾಕಿಕೊಟ್ಟಿಲ್ಲ, ಆದರೆ ಯಾವುದೇ ಮದುವೆ ಮನೆಯ ಹಿಂದಿನ ಕೋಣೆಗೆ ಹೋಗಿ ನೋಡಿ, ಹಣೆಗೆ ಅಮೃತಾಂಜನ ಬಳಿದುಕೊಂಡು ಒಬ್ಬರಾದರೂ ಮಲಗಿರುತ್ತಾರೆ.

ಎಬ್ಬಿಸುವ ಕಾರಣಗಳು ಒಬ್ಬೊಬ್ಬರಿಗೆ ಒಂದೊಂದು. ಅಮ್ಮನಿಗೆ ಏಕಾದಶಿ ಉಪವಾಸ ಮತ್ತು ಕೊಯ್ಲಿನ ನಿದ್ದೆಗೇಡು. ನನಗೆ ಆಗುಂಬೆ ಘಾಟಿಯ ತಿರುವುಗಳು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಲ್ಲಿ ಎಷ್ಟೋ ಜನ ಮುಂದೆ ಮೈಗ್ರೇನಿನವರಾಗುತ್ತಾರೆ. ಕೆಲವರಿಗೆ ಮುಟ್ಟಿನ ಎರಡು ದಿನ ಮೊದಲು ಶುರುವಾಗುತ್ತದೆ. ಕಾಫಿಯದ್ದು ಎರಡಲಗಿನ ಕತ್ತಿ. ದಿನಾ ಮೂರು ನಾಲ್ಕು ಲೋಟ ಕುಡಿಯುವವರು ಒಂದು ದಿನ ತಪ್ಪಿಸಿದರೆ, ಅದೇ ಒಂದು ತಲೆನೋವು.

ಕೆಲಸ ಮಾಡುತ್ತಲೇ ಇರುವವರದ್ದು: ಬಿಗಿತದ ತಲೆನೋವು

ಅಣ್ಣನ ತಲೆನೋವಿನಲ್ಲಿ ಕತೆ ಕಡಿಮೆ. ತಲೆ ಸುತ್ತ ಹಗ್ಗ ಕಟ್ಟಿದಂತೆ ಒತ್ತುವ ನೋವು, ಎರಡೂ ಕಡೆ, ಮಿಡಿಯುವುದಿಲ್ಲ. ವಾಂತಿ ಇಲ್ಲ. ನಡೆದಾಡಿದರೆ ಹೆಚ್ಚುವುದಿಲ್ಲ. ಕಿರಿಕಿರಿ ಮಾಡುತ್ತದೆ, ಆದರೆ ಮಲಗಿಸುವುದಿಲ್ಲ. ಅರ್ಧ ಗಂಟೆಯಿಂದ ಏಳು ದಿನದವರೆಗೂ ಇರಬಹುದು. ಎಲ್ಲಕ್ಕಿಂತ ಸಾಮಾನ್ಯವಾದ ತಲೆನೋವು ಇದೇ. ನಿದ್ದೆ ಕಡಿಮೆಯಾಗಿದ್ದು, ಚಿಂತೆ, ಹೊತ್ತಿಗೆ ಸರಿಯಾಗಿ ಊಟವಿಲ್ಲದ್ದು, ಬಗ್ಗಿ ಕೂತು ಮಾಡುವ ಕೆಲಸ, ಎಲ್ಲ ಸೇರುತ್ತವೆ. ಸಾಲದ ಕಂತಿನ ದಿನ ಹತ್ತಿರ ಬಂದಾಗ ಅಣ್ಣನಿಗೆ ಜಾಸ್ತಿ ಆಗುತ್ತದೆ ಎಂದು ಅತ್ತಿಗೆ ಹೇಳುತ್ತಾಳೆ. ನನಗಂತೂ ಅನುಮಾನವಿಲ್ಲ.

ಇದರ ಪಕ್ಕದಲ್ಲೇ ಕುತ್ತಿಗೆಯಿಂದ ಬರುವ ತಲೆನೋವನ್ನೂ ಇಡಬೇಕು. ದಿನವಿಡೀ ಮರದ ತುದಿ ನೋಡುತ್ತಾ ಅಡಿಕೆ ಗೊನೆ ಇಳಿಸುವ ಹಗ್ಗ, ಅಂದರೆ ಮಿಣಿ, ಹಿಡಿಯುವವರು, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವವರು, ತಲೆ ಮೇಲೆ ಸೊಪ್ಪಿನ ಹೊರೆ ಹೊರುವವರು, ಈಗಿನ ಕಾಲಕ್ಕೆ ಮೊಬೈಲಿಗೆ ಬಗ್ಗಿದವರು. ನೋವು ಹಿಂದಲೆಯಿಂದ ಶುರುವಾಗಿ ಒಂದೇ ಬದಿಯಲ್ಲಿ ಮುಂದೆ ಬರುತ್ತದೆ. ಕುತ್ತಿಗೆ ತಿರುಗಿಸಿದರೆ ಹೆಚ್ಚುತ್ತದೆ, ತಿರುಗಿಸುವುದೇ ಕಷ್ಟ. ಪ್ರತಿ ಸಲವೂ ಅದೇ ಬದಿ. ಮೈಗ್ರೇನಿನಲ್ಲೂ ಕುತ್ತಿಗೆ ಬಿಗಿಯುತ್ತದೆ, ಅದಕ್ಕೇ ಗೊಂದಲ. ವಾಂತಿ ಮತ್ತು ಬೆಳಕಿನ ಕಾಟ ಇದ್ದರೆ ಮೈಗ್ರೇನ್ ಕಡೆ ವಾಲಿ.

ಓಡಾಡುವವರದ್ದು: ಕ್ಲಸ್ಟರ್ ತಲೆನೋವು

ಚಿಕ್ಕಪ್ಪನದ್ದು ಅಪರೂಪದ್ದು, ಆದರೆ ಎಲ್ಲಕ್ಕಿಂತ ಭೀಕರ. ರಾತ್ರಿ ಮಲಗಿ ಒಂದೆರಡು ಗಂಟೆಗೆ ಎಚ್ಚರ. ಬಲಗಣ್ಣಿನ ಹಿಂದೆ ಕಾಸಿದ ಸಲಾಕೆ ಚುಚ್ಚಿದಂತೆ. ಆ ಒಂದೇ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಬದಿಯ ಮೂಗು ಕಟ್ಟುತ್ತದೆ, ರೆಪ್ಪೆ ಜೋಲುತ್ತದೆ. ಮಲಗಲು ಆಗುವುದಿಲ್ಲ, ಕೂರಲು ಆಗುವುದಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದಂತೆ. 15 ನಿಮಿಷದಿಂದ 3 ಗಂಟೆ, ಆಮೇಲೆ ಸ್ವಿಚ್ ಆರಿಸಿದಂತೆ ಹೋಗುತ್ತದೆ. ದಿನಕ್ಕೆ ಎಂಟು ಸಲ ಬಂದವರೂ ಇದ್ದಾರೆ. ಕೆಲವು ವಾರ ಹೀಗೇ ಕಾಡಿ ತಿಂಗಳುಗಟ್ಟಲೆ ಪತ್ತೆ ಇರುವುದಿಲ್ಲ. ಗಂಡಸರಲ್ಲಿ ಹೆಚ್ಚು. ಆ ವಾರಗಳಲ್ಲಿ ಒಂದು ಗುಟುಕು ಮದ್ಯವೂ ನೋವನ್ನು ಎಬ್ಬಿಸುತ್ತದೆ.

ಚಿಕ್ಕಪ್ಪ ಇದಕ್ಕಾಗಿ ಒಂದು ಒಳ್ಳೆಯ ದವಡೆ ಹಲ್ಲು ಕೀಳಿಸಿಕೊಂಡರು. ಆಮೇಲೆ ಸೈನಸ್ ಎಂದು ಮೂರು ಸಲ ಆ್ಯಂಟಿಬಯಾಟಿಕ್ ತಿಂದರು. ಯಾರು ಕೊಟ್ಟರು ಅನ್ನುವುದು ಬೇಡ. ವಾರ ಕಳೆದ ಮೇಲೆ ನೋವು ತಾನಾಗಿ ಹೋಯಿತು, ಆ್ಯಂಟಿಬಯಾಟಿಕ್‌ಗೆ ಹೆಸರು ಬಂತು.

ಕ್ಷಣಾರ್ಧದಲ್ಲಿ ಕರೆಂಟ್ ಹೊಡೆದಂತೆ ಕೆನ್ನೆಯಲ್ಲಿ ಬಂದು ಹೋಗುವುದು, ಹಲ್ಲುಜ್ಜಿದರೆ, ಗಾಳಿ ತಗುಲಿದರೆ ಬರುವುದು ಕ್ಲಸ್ಟರ್ ಅಲ್ಲ. ಅದು ಮುಖದ ನರದ ನೋವು, ಟ್ರೈಜಮಿನಲ್ ನ್ಯೂರಾಲ್ಜಿಯಾ. ಅದರ ಮಾತ್ರೆ ಬೇರೆ.

ಹಾಗಾದರೆ ಸೈನಸ್?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು, ಎಲ್ಲರ ಮೂಗೂ ಕಟ್ಟಿರುತ್ತದೆ. ಹಾಗಾಗಿ ಹಣೆ ನೋವೆಲ್ಲ ಸೈನಸ್ ಎಂದು ತೀರ್ಮಾನ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮಗೆ ಸೈನಸ್ ತಲೆನೋವು ಎಂದುಕೊಂಡಿದ್ದ ಸುಮಾರು 3000 ಜನರನ್ನು ಪರೀಕ್ಷಿಸಿದರು. ಅವರಲ್ಲಿ 88%ರಷ್ಟು ಜನರದ್ದು ಮೈಗ್ರೇನ್ ಮಾದರಿಯ ನೋವು. ಮೈಗ್ರೇನಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆನ್ನೆ ಭಾರವಾಗುತ್ತದೆ.

ನಿಜವಾದ ಸೈನಸ್ ಸೋಂಕು ನೆಗಡಿಯ ಬೆನ್ನಿಗೆ ಬರುತ್ತದೆ. ದಪ್ಪನೆಯ ಹಳದಿ-ಹಸಿರು ಸಿಂಬಳ, ಕೆಲವೊಮ್ಮೆ ಜ್ವರ, ವಾಸನೆ ಗೊತ್ತಾಗದಿರುವುದು, ಬಗ್ಗಿದರೆ ಮುಖ ಭಾರ. ಸಿಂಬಳವಿಲ್ಲ, ವರ್ಷಕ್ಕೆ ಹತ್ತು ಸಲ ಬರುತ್ತದೆ, ಬೆಳಕು ಆಗುವುದಿಲ್ಲ ಎಂದರೆ ಸೈನಸ್ ಎಂಬ ಹಣೆಪಟ್ಟಿ ಕಿತ್ತು ಹಾಕಿ. ಹಾಗೆಯೇ ‘ಬಿಪಿ ತಲೆನೋವು’ ಕೂಡ. ಬಿಪಿ ಸ್ವಲ್ಪ ಹೆಚ್ಚಿದ್ದ ಮಾತ್ರಕ್ಕೆ ತಲೆ ನೋಯುವುದಿಲ್ಲ. 180/120 ದಾಟಿದಾಗಿನ ಮಾತು ಬೇರೆ. ಕನ್ನಡಕದ ನಂಬರ್ ಕೂಡ ಜನ ಅಂದುಕೊಂಡಷ್ಟು ಅಪರಾಧಿಯಲ್ಲ. ನಲವತ್ತರ ಮೇಲೆ ಒಮ್ಮೆ ತೋರಿಸಿಕೊಳ್ಳಿ, ಅಷ್ಟೇ.

ಮಾತ್ರೆಯೇ ತರುವ ತಲೆನೋವು

ಈಗ ನನ್ನ ಸರದಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲದ ತಲೆನೋವು.

ಮೊದಲು ನನಗೆ ತಿಂಗಳಿಗೆ ಎರಡು ಸಲ ಮೈಗ್ರೇನ್ ಬರುತ್ತಿತ್ತು. ಮಾತ್ರೆಗೆ ಹೋಗುತ್ತಿತ್ತು. ಬರಬಹುದೇನೋ ಎಂಬ ಹೆದರಿಕೆಗೆ ಶಿವಮೊಗ್ಗಕ್ಕೆ ಹೊರಡುವ ಮುಂಚೆ ಒಂದು, ಮದುವೆಗೆ ಹೋಗುವ ಮುಂಚೆ ಒಂದು ನುಂಗಲು ಶುರು ಮಾಡಿದೆ. ಎರಡು ವರ್ಷದಲ್ಲಿ ದಿನವೂ ಬೆಳಗ್ಗೆ ತಲೆನೋವಿನ ಜೊತೆಗೇ ಏಳುವಂತಾಯಿತು. ಮಾತ್ರೆ ನುಂಗಿದರೆ ನಾಲ್ಕು ಗಂಟೆ ಪರವಾಗಿಲ್ಲ, ಮತ್ತೆ ಅದೇ. ಇನ್ನೂ ಗಟ್ಟಿ ಮಾತ್ರೆ ಬೇಕು ಎಂದು ಹುಡುಕುತ್ತಿದ್ದೆ. ಕೊನೆಗೆ ಶಿವಮೊಗ್ಗದ ನರರೋಗ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ: ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೊಳ್ತೀರಿ? ನಾನು ಸುಮ್ನೆ ಹತ್ತು ಎಂದೆ. ಮನೆಗೆ ಬಂದು ಖಾಲಿ ಶೀಟುಗಳನ್ನು ಎಣಿಸಿ ಲೆಕ್ಕ ಹಾಕಿದರೆ ಇಪ್ಪತ್ತೆರಡು ದಿನ ಬಂತು.

ಗಡಿ ಇಲ್ಲಿದೆ. ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಥರದ್ದಾದರೆ ತಿಂಗಳಿಗೆ 15 ದಿನ. ಎರಡು ಮೂರು ಮದ್ದು ಬೆರೆಸಿದ ಮಾತ್ರೆ, ಕೆಫೀನ್ ಸೇರಿಸಿದ್ದು, ಎರ್ಗೊಟಮಿನ್, ಟ್ರಿಪ್ಟಾನ್ (ಇವೆರಡೂ ಮೈಗ್ರೇನಿನ ಮದ್ದು), ಟ್ರಮಡಾಲ್ (ಅಫೀಮು ಜಾತಿಯ ನೋವಿನ ಮದ್ದು) ಆದರೆ 10 ದಿನ. ಮೊದಲೇ ತಲೆನೋವಿನ ಕಾಯಿಲೆ ಇರುವವರು ಮೂರು ತಿಂಗಳಿಗಿಂತ ಹೆಚ್ಚು ಕಾಲ ಈ ಗಡಿ ಮುಟ್ಟಿದರೆ ಮದ್ದೇ ನೋವನ್ನು ಸಾಕುತ್ತದೆ. ಸೊಂಟ ನೋವಿಗೆ ತಿಂದರೂ ಲೆಕ್ಕಕ್ಕೆ ಬರುತ್ತದೆ, ನೆನಪಿರಲಿ. ಅಂಗಡಿಯಲ್ಲಿ ಕೊಡುವ ತಲೆನೋವಿನ ಮಾತ್ರೆಗಳಲ್ಲಿ ಬಹಳಷ್ಟು ಬೆರಕೆ ಮಾತ್ರೆಗಳೇ. ಶೀಟಿನ ಹಿಂದೆ ಸಣ್ಣಕ್ಷರದಲ್ಲಿ ಏನೇನಿದೆ ಓದಿ.

ಬಿಡುವುದೇ ಮದ್ದು. ನನಗೆ ಮೊದಲ ವಾರ ನರಕ. ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ನೋವು ಹೆಚ್ಚಾಗುತ್ತದೆ, ಆಮೇಲೆ ವಾರಗಳಲ್ಲಿ ಇಳಿಯುತ್ತದೆ. ಜೊತೆಗೇ ಡಾಕ್ಟರ್ ನೋವು ಬರದಂತೆ ತಡೆಯುವ ಮಾತ್ರೆ ಶುರು ಮಾಡುತ್ತಾರೆ. ಟ್ರಮಡಾಲ್, ನಿದ್ದೆ ಮಾತ್ರೆ ತಿನ್ನುವವರು ಒಮ್ಮೆಲೇ ಬಿಡಬಾರದು, ಡಾಕ್ಟರ್ ಹೇಳಿದಂತೆ ಇಳಿಸಬೇಕು. ಕೊಯ್ಲಿನ ಸಮಯದಲ್ಲಿ ಬಿಡಲು ಹೋಗಬೇಡಿ. ನಾನು ಮಳೆಗಾಲ ಆರಿಸಿಕೊಂಡೆ. ಹೇಗೂ ಹೊರಗೆ ಹೋಗುವ ಹಾಗಿಲ್ಲವಲ್ಲ.

ಯಾವುದಕ್ಕೆ ಯಾವ ಮದ್ದು?

ಬಿಗಿತದ ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ಅಪರೂಪಕ್ಕೆ. ತಿಂಗಳಲ್ಲಿ 15 ದಿನಕ್ಕೂ ಹೆಚ್ಚು ಬರುತ್ತಿದ್ದರೆ ನೋವಿನ ಮಾತ್ರೆ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ರಾತ್ರಿ ಸಣ್ಣ ಡೋಸಿನಲ್ಲಿ ಅಮಿಟ್ರಿಪ್ಟಿಲಿನ್ ಕೊಡುವುದುಂಟು. ಅದು ಖಿನ್ನತೆಯ ಮಾತ್ರೆ ಎಂದು ಔಷಧಿ ಅಂಗಡಿಯಲ್ಲಿ ಯಾರೋ ಹೇಳಿದರೆಂದು ಅಣ್ಣ ಎಸೆದುಬಿಟ್ಟಿದ್ದ. ಖಿನ್ನತೆಗೆ ಕೊಡುವುದು ದೊಡ್ಡ ಡೋಸ್, ತಲೆನೋವಿಗೆ 10 ಅಥವಾ 25 ಮಿಲಿಗ್ರಾಂ. ಅವನಿಗೆ ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬೆಳಗಿನ ನಡಿಗೆ ಮತ್ತು ಫಿಸಿಯೋಥೆರಪಿಯವರು ಹೇಳಿಕೊಟ್ಟ ಕುತ್ತಿಗೆ ವ್ಯಾಯಾಮ.

ಮೈಗ್ರೇನಿಗೆ ಎರಡು ದಾರಿ. ಬಂದದ್ದನ್ನು ಓಡಿಸುವುದು ಒಂದು, ಬರದಂತೆ ತಡೆಯುವುದು ಇನ್ನೊಂದು.

ಓಡಿಸುವುದಕ್ಕೆ ಹೊತ್ತು ಮುಖ್ಯ. ನೋವು ಸಣ್ಣದಿರುವಾಗಲೇ ಪೂರ್ತಿ ಡೋಸ್ ತಗೊಳ್ಳಬೇಕು. ನಮ್ಮವರು ಮಾಡುವುದು ಉಲ್ಟಾ. ಸಂಜೆವರೆಗೆ ತಡೆದುಕೊಂಡು, ವಾಂತಿ ಶುರುವಾದ ಮೇಲೆ ಅರ್ಧ ಮಾತ್ರೆ. ಆಗ ಜಠರ ನಿಧಾನವಾಗಿರುತ್ತದೆ ಎಂದೆನಲ್ಲ, ಮಾತ್ರೆ ರಕ್ತಕ್ಕೆ ಸೇರುವುದೂ ತಡವಾಗುತ್ತದೆ. ದೊಡ್ಡವರಿಗೆ ಪ್ಯಾರಾಸಿಟಮಾಲ್ 1000 ಮಿಲಿಗ್ರಾಂ ಅಥವಾ ಐಬುಪ್ರೊಫೆನ್ 400 ಮಿಲಿಗ್ರಾಂ, ಜೊತೆಗೆ ಡಾಕ್ಟರ್ ಬರೆದುಕೊಟ್ಟರೆ ಡೊಂಪೆರಿಡೋನ್ ಥರದ ವಾಂತಿ ತಡೆಯುವ ಮಾತ್ರೆ. ಎರಡರಲ್ಲಿ ಆರಿಸುವುದಾದರೆ ಐಬುಪ್ರೊಫೆನ್ ಮೈಗ್ರೇನಿಗೆ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಬೇಡ. ಪ್ಯಾರಾಸಿಟಮಾಲ್ ಅವರಿಗೆ ಸುರಕ್ಷಿತ, ಆದರೆ ಲಿವರ್ ತೊಂದರೆ ಇದ್ದರೆ, ಕುಡಿತ ಇದ್ದರೆ ಕೇಳಿಕೊಂಡೇ ತಗೊಳ್ಳಿ.

ಇವು ಕೆಲಸ ಮಾಡದಿದ್ದರೆ ಟ್ರಿಪ್ಟಾನ್‌ಗಳು: ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್. ಮೈಗ್ರೇನಿಗೆಂದೇ ಮಾಡಿದ ಮದ್ದು. ಮೊದಲ ಸಲ ತಗೊಂಡಾಗ ಎರಡು ಗಂಟೆಯಲ್ಲಿ ಎದ್ದು ಕೂತು ಊಟ ಕೇಳಿದ್ದೆ. ಬೆಲೆ ಜಾಸ್ತಿ, ಚೀಟಿ ಬೇಕು. ಹೃದಯದ ಕಾಯಿಲೆ, ಪಾರ್ಶ್ವವಾಯು ಆದವರಿಗೆ, ಹಿಡಿತಕ್ಕೆ ಬಾರದ ಬಿಪಿ ಇರುವವರಿಗೆ ಸಲ್ಲದು. ಎರ್ಗೊಟಮಿನ್ ಇರುವ ಹಳೆಯ ಮಾತ್ರೆಯ ಜೊತೆ ಒಂದೇ ದಿನ ಸೇರಿಸಲೇಬಾರದು. ನನ್ನ ಅಭಿಪ್ರಾಯ ಕೇಳಿದರೆ, ಎರ್ಗೊಟಮಿನ್ ಮಾತ್ರೆಗಳನ್ನು ಅಂಗಡಿಯಿಂದ ಸುಮ್ನೆ ತಂದು ನುಂಗುವ ಅಭ್ಯಾಸ ಬಿಟ್ಟೇಬಿಡಬೇಕು. ರಕ್ತನಾಳ ಬಿಗಿಯುವ ಮದ್ದು ಅದು, ಗರ್ಭಿಣಿಯರಿಗೆ ಅಪಾಯ, ತಲೆನೋವನ್ನು ದಿನದ ನೆಂಟನನ್ನಾಗಿ ಮಾಡುವುದರಲ್ಲೂ ಮುಂದು.

ತಡೆಯುವ ಮಾತ್ರೆ ಯಾವಾಗ? ತಿಂಗಳಿಗೆ ನಾಲ್ಕು ದಿನ ಅಥವಾ ಹೆಚ್ಚು ಹಾಳಾಗುತ್ತಿದ್ದರೆ ಕೇಳಿ. ಇದನ್ನು ದಿನವೂ ತಿನ್ನಬೇಕು. ನೋವು ಇದ್ದರೂ, ಇಲ್ಲದಿದ್ದರೂ. ಗುಣ ತಿಳಿಯಲು ಎರಡು ಮೂರು ತಿಂಗಳು ಬೇಕು. ವಾರಕ್ಕೇ ‘ಇದು ಹಿಡಿಯಲಿಲ್ಲ’ ಎಂದು ಬಿಡುವವರೇ ಜಾಸ್ತಿ. ಪ್ರೊಪ್ರನೊಲಾಲ್ ಹಳೆಯದು, ಅಗ್ಗ, ಬಿಪಿ ಇರುವವರಿಗೆ ಎರಡಕ್ಕೂ ಆಗುತ್ತದೆ. ಆದರೆ ಅಸ್ತಮಾ ಇದ್ದರೆ ಬೇಡವೇ ಬೇಡ. ಹೊಗೆ, ತೇವದ ನಮ್ಮೂರಿನಲ್ಲಿ ಉಬ್ಬಸದವರು ಕಡಿಮೆಯೇನಿಲ್ಲ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಫ್ಲುನರಿಜಿನ್ ನಿದ್ದೆ ತರುತ್ತದೆ, ತೂಕ ಏರಿಸುತ್ತದೆ, ಮನಸ್ಸು ಕುಗ್ಗಿದವರಿಗೆ ಆಗಿಬರುವುದಿಲ್ಲ. ಅಮಿಟ್ರಿಪ್ಟಿಲಿನ್ ನಿದ್ದೆ ಬಾರದವರಿಗೆ ಒಳ್ಳೆಯದು, ಬಾಯಿ ಒಣಗುತ್ತದೆ. ಟೊಪಿರಮೇಟ್‌ನಿಂದ ತೂಕ ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಮಕ್ಕಳಾಗುವ ವಯಸ್ಸಿನ ಹೆಂಗಸರು ಟೊಪಿರಮೇಟ್, ವಾಲ್‌ಪ್ರೊಯೇಟ್ ಎರಡರ ಬಗ್ಗೆಯೂ ಎಚ್ಚರವಾಗಿರಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ತಿಂಗಳಿಗೊಮ್ಮೆ ಕೊಡುವ ಹೊಸ ಇಂಜೆಕ್ಷನ್‌ಗಳೂ ಬಂದಿವೆ, ಅವುಗಳ ದುಡ್ಡಿನ ಲೆಕ್ಕ ಅಡಿಕೆ ರೇಟು ಚೆನ್ನಾಗಿರುವ ವರ್ಷಕ್ಕೆ ಮಾತ್ರ ಹೊಂದುತ್ತದೆ.

ಅಮ್ಮನಿಗೆ ಕೊಟ್ಟಿದ್ದು ಪ್ರೊಪ್ರನೊಲಾಲ್. ತಿಂಗಳಿಗೆ ಆರು ಬರುತ್ತಿದ್ದದ್ದು ಎರಡಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಅರ್ಧಕ್ಕೆ ಇಳಿದರೆ ಮದ್ದು ಕೆಲಸ ಮಾಡಿದಂತೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರಿಂದ ಅವಳಿಗೆ ಬೇಸರವಾಗಲಿಲ್ಲ.

ಕ್ಲಸ್ಟರಿಗೆ ಇದ್ಯಾವುದೂ ನಡೆಯುವುದಿಲ್ಲ. ಮಾತ್ರೆ ಕರಗಿ ಕೆಲಸಕ್ಕಿಳಿಯುವಷ್ಟರಲ್ಲಿ ನೋವೇ ಮುಗಿದಿರುತ್ತದೆ. ಅದಕ್ಕೆ ಬೇಕಾದದ್ದು ಶುದ್ಧ ಆಕ್ಸಿಜನ್, ಮಾಸ್ಕ್ ಹಾಕಿ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ, ಅಥವಾ ಸುಮಾಟ್ರಿಪ್ಟಾನ್ ಇಂಜೆಕ್ಷನ್. ಆಕ್ಸಿಜನ್ ಅಂದರೆ ಸಾಯುವವರಿಗೆ ಎಂದುಕೊಂಡಿದ್ದ ಚಿಕ್ಕಪ್ಪ ಹತ್ತು ನಿಮಿಷದಲ್ಲಿ ನೋವು ಇಳಿದಾಗ ಅತ್ತುಬಿಟ್ಟರು. ಬರದಂತೆ ತಡೆಯಲು ವೆರಪಮಿಲ್, ಅದಕ್ಕೆ ಇಸಿಜಿ ಮಾಡಿಸುತ್ತಾ ಇರಬೇಕು.

ಇನ್ನು ಮನೆಮದ್ದು. ಮುರುಗಲು ಪಾನಕ, ಒಂದೆಲಗದ ತಂಬುಳಿ ಕುಡಿಯಿರಿ, ಹೊಟ್ಟೆಗೆ ತಂಪು, ನೀರೂ ಹೋಗುತ್ತದೆ. ಶುಂಠಿ ಹೊಟ್ಟೆ ತೊಳಸುವುದಕ್ಕೆ ನಿಜಕ್ಕೂ ಒಳ್ಳೆಯದು. ಹಣೆಗೆ ಪುದೀನ ಎಣ್ಣೆ ಅಥವಾ ಮೆಂಥಾಲ್ ಇರುವ ಮುಲಾಮು ಬಿಗಿತದ ನೋವಿಗೆ ಸ್ವಲ್ಪ ಆರಾಮ ಕೊಡುತ್ತದೆ. ಕ್ಲಸ್ಟರಿಗೆ ಇವು ಯಾವುವೂ ಸಾಲವು. ಉಪವಾಸವೇ ನೋವು ತರುತ್ತಿದ್ದರೆ ಹಣ್ಣು ಹಾಲಾದರೂ ಹೊಟ್ಟೆಗೆ ಹಾಕಿ, ದೇವರು ಬೇಡ ಎನ್ನುವುದಿಲ್ಲ.

ಜ್ವರದ ಜೊತೆ ಬಂದರೆ ಈ ಲೆಕ್ಕವೆಲ್ಲ ಬಿಡಿ

ನಾನು ಇಷ್ಟು ಹೊತ್ತು ಹೇಳಿದ್ದು ಬಂದು ಹೋಗುವ ತಲೆನೋವಿನ ಮಾತು. ಮಲೆನಾಡಿನಲ್ಲಿ ಇನ್ನೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ. ಅದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ನಮ್ಮ ಕೊಯ್ಲು ಮತ್ತು ದರಕು (ಒಣಗಿದ ಎಲೆ) ಗುಡಿಸುವ ಕಾಲಕ್ಕೇ ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಎಷ್ಟು ಜೀವ ಹೋಯಿತು ಎಂದು ಇಲ್ಲಿಯವರಿಗೆ ನೆನಪಿದೆ. ಇದನ್ನು ಹರಡುವ ಉಣುಗು (ಉಣ್ಣೆ) ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ, ತಲೆನೋವು, ಕುತ್ತಿಗೆ ಸೆಟೆಯುವುದು, ಮಂಪರು. ‘ನನಗೆ ಮೊದಲಿಂದಲೂ ಅರೆತಲೆನೋವು ಇದೆ’ ಎಂದು ಇದನ್ನು ಆ ಖಾತೆಗೆ ಬರೆಯಬೇಡಿ. ಕಾಡಿಗೆ ಹೋಗಿದ್ದನ್ನು, ಸುತ್ತ ಮಂಗ ಸತ್ತಿದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ರಕ್ತಸ್ರಾವದ ಭಯವಿದೆ. ಹಾಗಾಗಿ ಜ್ವರದ ತಲೆನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಪ್ಯಾರಾಸಿಟಮಾಲ್ ಮಾತ್ರ.

ಜ್ವರವಿಲ್ಲದೆಯೂ ತಕ್ಷಣ ಓಡಬೇಕಾದ ತಲೆನೋವುಗಳಿವೆ. ಸಿಡಿಲು ಬಡಿದಂತೆ ಒಂದು ನಿಮಿಷದೊಳಗೆ ತಾರಕಕ್ಕೆ ಏರುವುದು. ಕೈಕಾಲು ಬಲ ಹೋಗುವುದು, ಮಾತು ತೊದಲುವುದು, ಫಿಟ್ಸ್. ಮರದಿಂದ, ಬೈಕಿನಿಂದ ಬಿದ್ದ ಮೇಲೆ ಶುರುವಾದದ್ದು. ಹಿಂದಿಗಿಂತ ಪೂರ್ತಿ ಬೇರೆಯಾಗಿ ದಿನೇ ದಿನೇ ಹೆಚ್ಚುವುದು, ಕೆಮ್ಮಿದರೆ, ಮುಕ್ಕಿದರೆ ಬರುವುದು. ಕಣ್ಣು ಕೆಂಪಾಗಿ ನೋಟ ಮಸುಕಾಗಿ ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಇದು ಗ್ಲಾಕೋಮಾ ಇರಬಹುದು. ಐವತ್ತು ದಾಟಿದ ಮೇಲೆ ಮೊದಲ ಬಾರಿ ಬಂದದ್ದು, ಅದರಲ್ಲೂ ತಲೆ ಬಾಚಿದರೆ ಕಣತಲೆ ನೋಯುವುದು, ಅಗಿದರೆ ದವಡೆ ಸೋಲುವುದು ಇದ್ದರೆ ಕಣ್ಣಿನ ನೋಟಕ್ಕೇ ಅಪಾಯ. ಬಸುರಿ, ಬಾಣಂತಿಯರ ಜೋರು ತಲೆನೋವನ್ನು ‘ಶೀತ ಆಗಿದೆ’ ಎಂದು ಕಿವಿಗೆ ಹತ್ತಿ ಇಟ್ಟು ಕೂರಿಸಬೇಡಿ. ಬಿಪಿ ಏರಿರಬಹುದು, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇವಕ್ಕೆಲ್ಲ 108ಕ್ಕೆ ಫೋನ್ ಮಾಡಿ. ಒಳಹಳ್ಳಿಯವರು ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವ ದಿಬ್ಬ ಯಾವುದೆಂದು ಮೊದಲೇ ನೋಡಿಟ್ಟುಕೊಂಡಿರುತ್ತಾರೆ, ಅಲ್ವಾ?

ಡಾಕ್ಟರ್ ಹತ್ತಿರ ಹೋಗುವ ಮುಂಚೆ

ಮೊದಲು ನಿಮ್ಮ ಊರಿನ ಎಂಬಿಬಿಎಸ್ ಡಾಕ್ಟರ್ ಸಾಕು. ಬಿಪಿ ನೋಡಿ, ಕಣ್ಣು ನೋಡಿ, ಕತೆ ಕೇಳಿ ಅವರೇ ಮೈಗ್ರೇನ್ ಹೇಳಬಲ್ಲರು. ಎರಡು ತಡೆಮಾತ್ರೆ ಸೋತರೆ, ಕ್ಲಸ್ಟರ್ ಅನುಮಾನವಿದ್ದರೆ, ಮಾತ್ರೆ ಬಿಡಲಾಗದಿದ್ದರೆ ನರರೋಗ ತಜ್ಞರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಘಾಟಿ ಇಳಿದು ಮಣಿಪಾಲಕ್ಕೋ ಎನ್ನುವುದು ನಿಮ್ಮ ಊರು ಯಾವ ಕಡೆ ಇದೆ ಎನ್ನುವುದರ ಮೇಲೆ. ಸ್ಕ್ಯಾನ್ ಮಾಡಿಸಲೇಬೇಕು ಎಂದು ಹಟ ಹಿಡಿಯಬೇಡಿ. ವರ್ಷಗಳಿಂದ ಒಂದೇ ಥರ ಬಂದು ಹೋಗುವ ಮೈಗ್ರೇನಿಗೆ ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ಮಾತ್ರ ಸಾಲ ಮಾಡಿಯಾದರೂ ಮಾಡಿಸಿ.

ಅದಕ್ಕಿಂತ ಬೆಲೆಯುಳ್ಳದ್ದು ಗೋಡೆಯ ಮೇಲಿನ ಕ್ಯಾಲೆಂಡರ್. ಎರಡು ತಿಂಗಳು ಬರೆಯಿರಿ. ನೋವು ಬಂದ ದಿನ, ಶುರುವಾದ ಹೊತ್ತು, ಬಿಟ್ಟ ಹೊತ್ತು, ಮಲಗಿದಿರೋ ಓಡಾಡಿದಿರೋ, ವಾಂತಿ ಆಯಿತೋ, ಎಷ್ಟು ಮಾತ್ರೆ, ಮುಟ್ಟಿನ ದಿನ. ಆ ಹಾಳೆಗಳನ್ನೇ ಹರಿದುಕೊಂಡು ಹೋಗಿ ಕೊಡಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ಮೂವರ ತಲೆನೋವಿನ ಲೆಕ್ಕವೂ ಇದೆ. ನನ್ನದಕ್ಕೆ ‘ನ’, ಚಿಕ್ಕಪ್ಪನದಕ್ಕೆ ‘ಚಿ’. ಅಮ್ಮ ಮಾತ್ರ ತನ್ನದಕ್ಕೆ ಇನ್ನೂ ‘ಪಿ’ ಎಂದೇ ಬರೆಯುತ್ತಾಳೆ.